ದಾಕ್ಷಾಯಣಮ್ಮ ಫೋನಿನಲ್ಲಿ ಹೇಳಿದ ಹೆಸರು

ಕುರುಗೋಡಿನಿಂದ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಸೊಸೆಯಾಗಿ ಬಂದಂದಿನಿಂದ ದಾಕ್ಷಾಯಣಮ್ಮ ಮಾವನ ಹೆಸರನ್ನು ಬಾಯಿಗೆ ತಂದವಳಲ್ಲ. ಅತ್ತೆ ಚನ್ನವೀರಮ್ಮನಿಗೂ ಅವರು ‘ಇವರು’, ಅಷ್ಟೇ. ಮನೆಯ ಹಿರಿಯನ ಹೆಸರು ಹೆಂಗಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆಂಬ ನಂಬಿಕೆ ಆ ಮನೆಯದು.

ಎಪ್ಪತ್ತೆರಡರ ಬೇಸಿಗೆ. ಮಾವ, ಗಂಡ ಇಬ್ಬರೂ ಸಿರುಗುಪ್ಪಕ್ಕೆ ಹೋಗಿದ್ದ ಮಧ್ಯಾಹ್ನ ಮನೆಯ ಹಿಂದಿನ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಹಮಾಲ ದುರುಗಪ್ಪ ಅಟ್ಟದ ಮೇಲಿದ್ದ. ಏಣಿ ಉರಿದುಹೋಗಿ ಇಳಿಯಲಾರದೆ, ಮೇಲಿನ ಕಿಟಕಿಗೆ ಬಂದು ಕೂಗತೊಡಗಿದ.

ಎದುರಿನ ಅಂಗಡಿಯ ರಂಗಣ್ಣನ ಬಳಿ ಫೋನಿತ್ತು. ಅವನು “ಬೆಂಕಿ! ಲಗೂನ ಬರ್ರಿ!” ಎಂದು ಕಿರುಚಿ, ಫೋನಿಟ್ಟು, ಕೊಡ ಹಿಡಿದು ಓಡಿದ.

“ಎಲ್ಲಿಗಂತ ಬರ್ತಾರ, ರಂಗಣ್ಣ?” ಅತ್ತೆಯೊಡನೆ ಅಂಗಡಿಗೆ ಓಡಿಬಂದಿದ್ದ ದಾಕ್ಷಾಯಣಮ್ಮ ಕೇಳಿದಳು.

ಅವನಿಗೆ ಕೇಳಿಸಲಿಲ್ಲ. ಅವಳು ಕಂಕುಳಿನ ಕೂಸನ್ನು ಅತ್ತೆಯ ಕೈಗಿಟ್ಟು ತಾನೇ ಫೋನೆತ್ತಿದಳು. ಎಕ್ಸ್‌ಚೇಂಜಿನವರು ಅಗ್ನಿಶಾಮಕ ಠಾಣೆಗೆ ಜೋಡಿಸಿಕೊಟ್ಟರು.

“ಸತ್ಯನಾರಾಯಣಪ್ಯಾಟಿ. ಹತ್ತಿ ಗೋದಾಮಿಗೆ ಬೆಂಕಿ ಬಿದ್ದೈತಿ. ಅಟ್ಟದ ಮ್ಯಾಲ ಒಬ್ಬಾಂವ ಸಿಕ್ಕಿಬಿದ್ದಾನ, ಉದ್ದನ್ನ ಏಣಿ ತರ್ರಿ.”

“ಅಲ್ಲಿ ಗೋದಾಮು ಬೇಕಾದಷ್ಟು ಅದಾವ ತಾಯಿ. ಯಾರದು?”

“ನಮ್ದ್ರಿ.”

“ನಮ್ದು ಅಂದ್ರ?”

“ನಮ್ಮ ಮಾವನವರದು.”

“ನಿಮ್ಮ ಮಾವಗ ಹೆಸರಿಲ್ಲೇನಮ್ಮ?”

ಅತ್ತೆ ಕಣ್ಣಲ್ಲೇ ಬೇಡವೆಂದರು. ಹೊರಗೆ ದುರುಗಪ್ಪನ ಕೂಗು ಬರೀ ಕೆಮ್ಮಾಗಿತ್ತು. ದಾಕ್ಷಾಯಣಮ್ಮ ಅತ್ತೆಗೆ ಬೆನ್ನು ತಿರುಗಿಸಿ ನಿಂತಳು.

“ಹಾಲಸಿದ್ದಪ್ಪ! ಹಾಲಸಿದ್ದಪ್ಪನವರ ಗೋದಾಮು! ಮುಂದಿನ ಸಂದ್ಯಾಗ ಗಾಡಿ ಹಿಡಿಯಂಗಿಲ್ಲ, ಹಿಂದಿನ ಓಣಿಗೆ ಬರ್ರಿ. ದಾರಿ ತೋರಿಸಾಕ ಮಂದಿ ನಿಲ್ಲಿಸಿರ್ತೀನಿ.”

“ಗೊತ್ತಾತು. ಹೊಂಟ್ವಿ.”

ಆ ಮಾತು ಕಿವಿಗೆ ಬಿದ್ದ ಮೇಲೆಯೇ ಫೋನಿಟ್ಟಳು.

ಗಾಡಿ ನೆಟ್ಟಗೆ ಹಿಂದಿನ ಓಣಿಗೇ ಬಂತು. ಅರ್ಧ ಹತ್ತಿ ಬೂದಿಯಾಯಿತು. ದುರುಗಪ್ಪ ಅಗ್ನಿಶಾಮಕದವರ ಏಣಿಯಿಂದ ಇಳಿದು ಬಂದ.

“ಇವರು ಬರಲಿ, ನಿನ್ನ ದೊಡ್ಡಸ್ತನ ಹೇಳ್ತೀನಿ,” ಎಂದು ಅತ್ತೆ ಗೊಣಗಿದರು. ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತಿದ್ದ ದುರುಗಪ್ಪನ ಮೇಲೆ ಕಣ್ಣು ಬಿತ್ತು. ಒಳಗೆ ಹೋಗಿ ಅವನಿಗೆ ಇನ್ನೊಂದು ಲೋಟ ಮಜ್ಜಿಗೆ ತಂದರು.

ಆ ವಾರವೇ ದಾಕ್ಷಾಯಣಮ್ಮ ಓಣಿಯ ಹೆಂಗಸರನ್ನು ಮನೆಯ ಮುಂದೆ ಕೂಡಿಸಿದಳು. “ಬೆಂಕಿ ಬಿದ್ದು ಫೋನ್ ಮಾಡಿದ್ರ ಮೊದಲು ಜಾಗ ಹೇಳ್ರಿ. ಆಮ್ಯಾಲ ಏನಾಗೇತಿ, ಒಳಗ ಯಾರದಾರ. ಅವರು ಕೇಳಿ ಮುಗಿಸೋತನಕ ಫೋನ್ ಇಡಬ್ಯಾಡ್ರಿ.”

“ಯಜಮಾನ್ರ ಹೆಸರು ಕೇಳಿದ್ರ?” ಪಕ್ಕದ ಮನೆಯ ಸುಂಕಲಮ್ಮ ನಕ್ಕಳು. “ದೊಡ್ಡವ್ವ, ನೀವ್ ಹೇಳ್ತೀರೇನು?”

ಚನ್ನವೀರಮ್ಮ ತಲೆಯ ಮೇಲೆ ಸೆರಗೆಳೆದುಕೊಂಡರು. ಒಮ್ಮೆ ಗಂಟಲು ಸರಿಮಾಡಿಕೊಂಡರು.

“ಹಾಲಸಿದ್ದಪ್ಪ!”

“ಯಾರದು ಕರೆದದ್ದು?” ಒಳಗಿನಿಂದ ಮಾವನವರ ದನಿ ಬಂತು.

“ಯಾರೂ ಇಲ್ಲ, ಸುಮ್ಕ ಮಲಗ್ರಿ,” ಎಂದರು ಚನ್ನವೀರಮ್ಮ. “ಫೋನ್ ಮಾಡೋದು ಕಲಿಯಾಕ ಹತ್ತೀವಿ.”