ಕುಸ್ತೋದಿಯಾಳ ನಿಜವಾದ ವಯಸ್ಸು

ನನ್ನಮ್ಮ ಕುಸ್ತೋದಿಯಾಳಿಗೆ 1875ರಲ್ಲಿ ಮೂವತ್ತನಾಲ್ಕು ವರ್ಷ. ಅವಳನ್ನು ಗುಲಾಮಳಾಗಿ ಇಟ್ಟುಕೊಂಡಿದ್ದ ಸಕ್ಕರೆ ಗಾಣದ ಒಡತಿ ಸರ್ಕಾರದ ದಾಖಲೆಯಲ್ಲಿ ಬರೆಸಿದ್ದು ಐವತ್ತೆರಡು. 1831ರ ಕಾನೂನಿನ ಪ್ರಕಾರ, ಅದು ಬಂದ ಮೇಲೆ ಆಫ್ರಿಕಾದಿಂದ ಬ್ರೆಜಿಲ್‌ಗೆ ಗುಲಾಮರಾಗಿ ತಂದವರೆಲ್ಲ ಸ್ವತಂತ್ರರು. ಅಮ್ಮನನ್ನು ಅದಕ್ಕೂ ಮೊದಲೇ ತಂದದ್ದೆಂದು ತೋರಿಸಲು ಅವಳಿಗೆ ಹದಿನೆಂಟು ವರ್ಷ ಕೂಡಿಸಿದ್ದರು.

ಈ ಸುಳ್ಳನ್ನು ಹಿಡಿದವಳು ಕಿತೇರಿಯಾ. ಕಶೋಯ್ರಾ ಊರಿನ ಹೊಳೆದಂಡೆಯಲ್ಲಿ ಅವಳು ತಾಳೆ ಎಣ್ಣೆಯಲ್ಲಿ ಅಲಸಂದೆ ವಡೆ ಕರಿದು ಮಾರುತ್ತಿದ್ದಳು. ತನ್ನ ಬಿಡುಗಡೆಯನ್ನು ತಾನೇ ದುಡಿದು ಕೊಂಡವಳು. ಅವಳೂ ಅಮ್ಮನೂ ಒಂದೇ ಹಡಗಿನಲ್ಲಿ ಬಂದ ಮಲುಂಗರು. ನಮ್ಮಲ್ಲಿ ಮಲುಂಗರೆಂದರೆ ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು.

1848ರ ಆ ಹಡಗಿನಲ್ಲಿ ಹೆಂಗಸರು ಒಂಬತ್ತೇ ಜನ. ಗಂಡಸರನ್ನು ಕೆಳಗೆ ಸರಪಳಿ ಹಾಕಿ ಇಟ್ಟಿದ್ದರು. ಉಳಿದವರೆಲ್ಲ ಮಕ್ಕಳು, ಅದರಲ್ಲೂ ಗಂಡುಮಕ್ಕಳೇ ಹೆಚ್ಚು. ಮಕ್ಕಳು ಇಕ್ಕಟ್ಟಿನಲ್ಲೂ ಹಿಡಿಸುತ್ತಾರೆ, ತಿರುಗಿ ಬೀಳುವುದಿಲ್ಲ ಎಂಬುದು ವ್ಯಾಪಾರಿಗಳ ಲೆಕ್ಕ. ತಾಯಿ ಯಾರು, ಅಕ್ಕ ಯಾರು ಎಂದು ನೋಡದೆ ಅವರೆಲ್ಲ ಆ ಒಂಬತ್ತು ಹೆಂಗಸರ ಸುತ್ತ ಮುತ್ತಿಕೊಂಡಿದ್ದರು. ಇಪ್ಪತ್ತರ ಕಿತೇರಿಯಾಳ ಸೊಂಟ ಹಿಡಿದಿದ್ದ ಏಳರ ಹುಡುಗಿಯೇ ನನ್ನಮ್ಮ.

ಪುಕ್ಕಟೆ ವಾದಿಸುವ ವಕೀಲನನ್ನು ಹುಡುಕಿ ಕಿತೇರಿಯಾ ಅಮ್ಮನ ಬಿಡುಗಡೆಗೆ ಕೇಸು ಹಾಕಿಸಿದಳು. ಗಾಣದ ಮೇಸ್ತ್ರಿ ಅವಳ ಒಲೆಯ ಮುಂದೆ ಬಂದು ನಿಂತ.

"ನಾಳೆಯಿಂದ ನಿನ್ನ ಬಾಣಲೆ ಇಲ್ಲಿರಲ್ಲ, ನೋಡ್ಕೋ."

"ಎಲ್ಲಿಟ್ರೂ ಎಣ್ಣೆ ಕಾಯುತ್ತೆ ಕಣಪ್ಪಾ. ಪಕ್ಕಕ್ಕೆ ಸರಿ, ಗಿರಾಕಿ ನಿಂತಿದಾರೆ."

ವಿಚಾರಣೆಯ ದಿನ ನ್ಯಾಯಾಧೀಶರು ಕಿತೇರಿಯಾಳನ್ನು ಕೇಳಿದರು: "ಹಡಗಲ್ಲಿ ಇವಳು ಚಿಕ್ಕವಳಿದ್ಲು ಅಂತ ಹೇಗೆ ಹೇಳ್ತೀಯಮ್ಮ?"

"ಮುಂದಿನ ಹಾಲುಹಲ್ಲು ಅಲ್ಲಾಡ್ತಿತ್ತು ಸ್ವಾಮಿ, ನಾನೇ ಕಿತ್ತೆ. ಅದೇ ಹಡಗಿನ ನಾಲ್ವರು ಹೊರಗಿದಾರೆ, ಕರೆಸಿ ಕೇಳಿ."

"ವಡೆ ಮಾರೋಳ ಕಟ್ಟುಕತೆ," ಎಂದ ಒಡತಿಯ ವಕೀಲ.

ನ್ಯಾಯಾಧೀಶರು ಅಮ್ಮನತ್ತ ತಿರುಗಿದರು. "ಬಾಯಿ ತೆಗಿ, ಹಲ್ಲು ನೋಡೋಣ."

ಅಮ್ಮ ತುಟಿ ಬಿಗಿದಳು. ಹಡಗಿನಿಂದ ಇಳಿಸಿದ ದಿನ ಕೊಳ್ಳುವವರು ಬೆರಳು ಹಾಕಿ ಅವಳ ಬಾಯಿ ತೆರೆಸಿದ್ದರು. "ನಾನೇನು ಕುದುರೆ ಅಲ್ಲ ಸ್ವಾಮಿ. ಹಲ್ಲು ನೋಡ್ಬೇಕಾದ್ರೆ ನಗಿಸಿ," ಎಂದಳು.

ಕಿತೇರಿಯಾ ಅಮ್ಮನ ಕಂಕುಳಿಂದ ನನ್ನನ್ನು ಕಿತ್ತುಕೊಂಡು ಎತ್ತಿ ಹಿಡಿದಳು. "ಇದಕ್ಕಿನ್ನೂ ಎಂಟು ತಿಂಗಳು! ಇವಳು ಐವತ್ತೊಂದು ದಾಟಿ ಹೆತ್ತಿದ್ದಾಳಂತೆ. ಏನು ತಿನ್ನಿಸಿದ್ರು ಅಂತ ಒಡತಿಯವರು ಹೇಳ್ಬಿಡ್ಲಿ ಸ್ವಾಮಿ, ಊರಿನ ದೊಡ್ಡಮನೆ ಹೆಂಗಸರೆಲ್ಲ ನಾಳೆನೇ ಅವರ ಬಾಗಿಲಲ್ಲಿ ಸಾಲು ನಿಲ್ತಾರೆ."

ಗುಮಾಸ್ತ ಲೇಖನಿ ಕೆಳಗಿಟ್ಟು ನಕ್ಕ. ಅಮ್ಮನಿಗೂ ತಡೆಯಲಾಗಲಿಲ್ಲ, ಬಾಯಿ ತುಂಬ ನಕ್ಕಳು. ಆಮೇಲೆ ನಾಲ್ವರು ಮಲುಂಗರೂ ಒಬ್ಬೊಬ್ಬರಾಗಿ ಒಳಗೆ ಹೋಗಿ ಅದೇ ಹಡಗು, ಅದೇ ವರ್ಷ ಎಂದರು. ಮೂರು ವಾರಕ್ಕೆ ತೀರ್ಪು ಬಂತು: ಕುಸ್ತೋದಿಯಾ ಸ್ವತಂತ್ರಳು.

ಇದನ್ನು ನೋಡಿ ಆ ನಾಲ್ವರೂ ಕೇಸು ಹಾಕಿದರು. ಚಿಕ್ಕವರಾಗಿ ಬಂದ ಮೂವರು ಗೆದ್ದರು. ನಾಲ್ಕನೆಯವನಾದ ಜೆನುವಾರಿಯೊ ಸೋತ. ಅವನು ಹಡಗು ಹತ್ತುವಾಗಲೇ ಗಡ್ಡ ಬಂದ ಆಳು. ದಾಖಲೆಯ ಸುಳ್ಳು ವಯಸ್ಸು ಅವನ ಮುಖಕ್ಕೆ ಹೊಂದಿಕೊಂಡಿತು.

"ಅಳ್ಬೇಡ ಕಣೋ," ಎಂದಳು ಕಿತೇರಿಯಾ, "ಅವರು ಬಿಡದಿದ್ರೆ ನಾವು ಬಿಡಿಸ್ಕೋತೀವಿ."

ಅವನನ್ನು ಕೊಂಡು ಬಿಡಿಸುವ ಹಣಕ್ಕಾಗಿ ಅವಳೂ ಅಮ್ಮನೂ ಎರಡು ವರ್ಷ ಹಬ್ಬ, ಭಾನುವಾರ ಎನ್ನದೆ ವಡೆ ಕರಿದರು. ಗೆದ್ದ ಮೂವರೂ ಕೈ ಜೋಡಿಸಿದರು. ಬಿಡುಗಡೆಯಾದ ಜೆನುವಾರಿಯೊ ನಮ್ಮ ಹಿತ್ತಲ ಕೋಣೆಯಲ್ಲಿ ಮೀನುಬಲೆ ಹೆಣೆಯುತ್ತ ಒಂಬತ್ತು ವರ್ಷ ಬಾಳಿದ. ನಾನು ಅವನನ್ನು ಅಜ್ಜ ಎಂದೇ ಕರೆಯುತ್ತಿದ್ದೆ.