ಇನ್ನೂರು ಎಲೆಯ ಕೈ

ಸ್ಯಾನ್ ಡಿಯಾಗೋ ಪಕ್ಕದ ಪೊವೇ ಊರಿನ ನಮ್ಮ ಮನೆಯ ಒಲೆಯಲ್ಲಿ, ಹಿಂದಿನ ಬರ್ನರಿನ ಮೇಲೆ, ಒಂದು ಪುಟ್ಟ ಸ್ಟೀಲ್ ಪಾತ್ರೆ ಸದಾ ಕೂತಿರುತ್ತದೆ. ಮಗಳು ಅನಘಾ ಚಿಕ್ಕವಳಿದ್ದಾಗ ಅವಳಿಗೆ ಖಾರವಿಲ್ಲದ ಸಾರನ್ನು ಬೇರೆಯಾಗಿ ಕುದಿಸಲೆಂದು ಗಾಂಧಿಬಜಾರಿನಲ್ಲಿ ಕೊಂಡು ತಂದದ್ದು. ಒಬ್ಬರಿಗೆ ಆಗುವಷ್ಟು ಸಾರು ಅದರಲ್ಲಿ ಹಿಡಿಸುತ್ತದೆ. ಒಂದು ಸೌಟು ಹೆಚ್ಚಾಯಿತೋ, ಉಕ್ಕಿ ಒಲೆಯೆಲ್ಲ ರಾಡಿ. ಈ ಪಾತ್ರೆಯನ್ನು ತಿಕ್ಕುತ್ತಲೇ ನಾನು ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಬಾಸ್ಕ್ ಸೀಮೆಯ ಕಡಲೂರುಗಳ ಬಗ್ಗೆ ಉಪದೇಶ ಕೊಡುತ್ತಿರುತ್ತೇನೆ. ಹತ್ತು ದಿನ ಹೋಗಿ ಬಂದದ್ದೇ ತಡ, ಸ್ಯಾನ್ ಡಿಯಾಗೋದಿಂದ ಕಲ್ವರ್ ಸಿಟಿಯವರೆಗಿನ ಕನ್ನಡಿಗರಿಗೆ ನಾನು ಸ್ಪೇನಿನ ಉತ್ತರ ತೀರದ ಪಂಡಿತೆಯಾಗಿಬಿಟ್ಟಿದ್ದೇನೆ. ಎಲ್ಲಿ ಉಳಿಯಬೇಕು, ಏನು ತಿನ್ನಬೇಕು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅಲ್ಲಿ ನಾನು ಕಂಡು ಬೆಚ್ಚಿಬಿದ್ದ ಒಂದು ಸಂಗತಿಯನ್ನು ಮಾತ್ರ ಫೋನಿನಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಆ ಪ್ರವಾಸಕ್ಕೆ ಹೊರಡುವಾಗ ನನಗಿದ್ದದ್ದು ಒಂದೇ ಆಸೆ: ಹತ್ತು ದಿನ ನಾನು ಒಲೆ ಹಚ್ಚಬಾರದು. ಮದುವೆಯಾದಂದಿನಿಂದ ಹಚ್ಚುತ್ತಲೇ ಬಂದವಳು. ಆಫೀಸಿನಿಂದ ಬಂದು ಹಚ್ಚಿದ್ದೇನೆ, ಜ್ವರದಲ್ಲಿ ಹಚ್ಚಿದ್ದೇನೆ, ಬೆಂಗಳೂರಿನಿಂದ ಹೊಸದಾಗಿ ಬಂದಿಳಿದ ಎಂಜಿನಿಯರ್ ಹುಡುಗರ ಹಸಿವು ನೋಡಲಾರದೆ ಹಚ್ಚಿದ್ದೇನೆ. ನಮ್ಮ ಇವರು, ಉಡುಪಿಯ ಕಡೆಯವರು, ಟೆಲಿಕಾಂ ಎಂಜಿನಿಯರು, ಅಡುಗೆಮನೆಯ ವಿಷಯದಲ್ಲಿ ಶುದ್ಧ ಸನ್ಯಾಸಿ. ನೀರು ಕಾಯಿಸುವುದೂ ಬಾರದು ಎಂದು ನಾನೇ ಊರೆಲ್ಲ ಸಾರಿದ್ದೆ. ಕನ್ನಡ ಸಂಘದ ದೀಪಾವಳಿಯಲ್ಲಿ ಹೆಂಗಸರು ಬೆವರಿಳಿಸಿ ಬಿಸಿಬೇಳೆಬಾತ್ ತಿರುಗಿಸುತ್ತಿದ್ದರೆ ಇವರು ಮೈಕಿನ ವೈರು ಬಿಡಿಸುತ್ತ ನಿಂತಿರುತ್ತಿದ್ದರು.

ಇವರ ಆಫೀಸಿನಲ್ಲಿ ಒಬ್ಬ ಬಾಸ್ಕ್ ಗೆಳೆಯನಿದ್ದ. ಹೆಸರು ಇನ್ಯಾಕಿ; ಕೇಳುವಾಗ ಮುನಿಸಿಕೊಂಡು ‘ಇನ್ಯಾಕೆ’ ಎಂದಂತಿದ್ದರೂ ಮುನಿಸೆಂಬುದನ್ನೇ ಅರಿಯದ ಮನುಷ್ಯ. ತನ್ನೂರು ಲೆಕೇತ್ಯೊ ಎಂಬ ಮೀನುಗಾರರ ಪಟ್ಟಣಕ್ಕೆ ಹೋಗಿಬನ್ನಿ ಎಂದು ಬೆನ್ನು ಹತ್ತಿ, ಸೂಚನೆಗಳನ್ನೂ ಕೊಟ್ಟ. ಅವು ಇಂದಿಗೂ ನನಗೆ ಬಾಯಿಪಾಠ, ನಿಮಗೂ ಉಪಯೋಗಕ್ಕೆ ಬಂದಾವು. ಅಲ್ಲಿನ ತಿಂಡಿ ಅಂಗಡಿಗಳಲ್ಲಿ ಕೂತು ಹೊಟ್ಟೆ ತುಂಬಿಸಬಾರದು. ಕೌಂಟರಿನ ಕಟ್ಟೆಯ ಬಳಿ ನಿಂತು, ರೊಟ್ಟಿಯ ಮೇಲೆ ಕಡ್ಡಿ ಚುಚ್ಚಿ ಜೋಡಿಸಿಟ್ಟ ಪಿಂಚೊ ಎಂಬ ತಿನಿಸಿನಲ್ಲಿ ಒಂದನ್ನೋ ಎರಡನ್ನೋ ತಿಂದು ಮುಂದಿನ ಅಂಗಡಿಗೆ ನಡೆಯಬೇಕು. ಮಧ್ಯಾಹ್ನದ ಊಟ ಎರಡರ ಮೇಲೆ. ಸಂಜೆ ಏಳಕ್ಕೆ ಊಟ ಹುಡುಕಿಕೊಂಡು ಹೊರಟರೆ ಮುಚ್ಚಿದ ಬಾಗಿಲುಗಳ ದರ್ಶನವಷ್ಟೇ ಪ್ರಾಪ್ತಿ. ಊರಿನೆದುರಿನ ಪುಟ್ಟ ದ್ವೀಪಕ್ಕೆ ಇಳಿತದ ವೇಳೆಯಲ್ಲಿ ನಡೆದೇ ಹೋಗಬಹುದು, ಆದರೆ ಭರತದ ಸಮಯ ಕೇಳಿಕೊಂಡು ಹೋಗಬೇಕು, ಇಲ್ಲವಾದರೆ ಕಡಲು ಹಿಂದಿನಿಂದ ಬಾಗಿಲು ಹಾಕಿಕೊಳ್ಳುತ್ತದೆ. ನಾವು ಸಸ್ಯಾಹಾರಿಗಳು ಎಂದಾಗ ಇನ್ಯಾಕಿ, ಅದಕ್ಕೇನು, ಅಲ್ಲಿ ಎಲ್ಲವೂ ಸಿಗುತ್ತದೆ ಎಂದು ಧೈರ್ಯ ಹೇಳಿದ.

ಅವನ ‘ಎಲ್ಲ’ದಲ್ಲಿ ಮೀನು ತರಕಾರಿಯ ಪಂಗಡಕ್ಕೆ ಸೇರಿತ್ತು. ಮೊದಲ ದಿನವೇ ಮಾಂಸವಿಲ್ಲದ ಸಲಾಡ್ ಕೇಳಿದೆವು. ಸೊಪ್ಪಿನ ಮೇಲೆ ಗುಪ್ಪೆಗುಪ್ಪೆ ಟ್ಯೂನಾ ಬಂತು. ಮೀನೂ ಬೇಡ ಎಂದು ಕೈಕಾಲು ಆಡಿಸಿ ವಿವರಿಸಿದ ಮೇಲೆ ಅದೇ ಸೊಪ್ಪು ಹಂದಿಯ ಚೂರುಗಳೊಂದಿಗೆ ಬಂತು. ಹುರುಳಿಕಾಳಿನ ಬಣ್ಣದ ಒಂದು ಅವರೆಯ ಸಾರಿನ ಪರಿಮಳಕ್ಕೆ ಇವರ ಕಣ್ಣು ಅರಳುವಷ್ಟರಲ್ಲಿ ಒಳಗಿನಿಂದ ಸಾಸೇಜು ತೇಲಿತು. ಮೊಟ್ಟೆ ತಿನ್ನುವ ಅನಘಾ ಆಲೂಗಡ್ಡೆಯ ಆಮ್ಲೆಟ್ಟಿನಲ್ಲಿ ಸುಖವಾಗಿದ್ದಳು. ನಾವಿಬ್ಬರು ಬದುಕಿದ್ದು ಗೆರ್ನಿಕಾ ಕಡೆಯ ಹಸಿರು ಮೆಣಸಿನಕಾಯಿಯಿಂದ: ಎಣ್ಣೆಯಲ್ಲಿ ಹುರಿದು ಮೇಲೆ ಹರಳುಪ್ಪು ಉದುರಿಸಿ ಕೊಡುತ್ತಾರೆ, ಖಾರವಿಲ್ಲ, ಬಜ್ಜಿಯನ್ನು ನೆನಪಿಸಿ ಕಣ್ಣಲ್ಲಿ ನೀರು ತರಿಸುತ್ತದೆ. ಕುರಿಹಾಲಿನ ಚೀಸು, ಅದರ ಜೊತೆಗೆ ಕೊಡುವ ಹಣ್ಣಿನ ಗಟ್ಟಿ ಜಾಮು, ಆಕ್ರೋಟು. ನಮ್ಮಂಥವರು ಹೋದರೆ ಇವನ್ನು ಕೇಳಿ, ಬೇರೆ ಯಾವ ಭರವಸೆಯನ್ನೂ ನಂಬಬೇಡಿ.

ನಾಲ್ಕನೆಯ ದಿನದ ಹೊತ್ತಿಗೆ ಇವರ ಮುಖ ಬಾಡಿ, ನಾವಿಳಿದಿದ್ದ ಮನೆಯ ಅಡುಗೆಮನೆಯ ಕಡೆ ಕಣ್ಣು ಹೊರಳತೊಡಗಿತು. ನನ್ನ ಚೀಲದಲ್ಲಿ ಹುಣಸೆ, ಸಾಸಿವೆ, ಇಂಗುಗಳ ಒಂದು ಡಬ್ಬಿ ಇತ್ತೆಂಬುದನ್ನು ಮುಚ್ಚಿಡಲಾರೆ. ನನ್ನ ಶಪಥದ ಮೇಲೆ ನನಗೇ ಅಷ್ಟು ನಂಬಿಕೆ. ಇನ್ನೇನು ಸೋತು ಒಲೆ ಹಚ್ಚಬೇಕು ಎನ್ನುವಾಗ ಇನ್ಯಾಕಿಯ ಚಿಕ್ಕಪ್ಪ ಕೋಲ್ಡೊ ಶನಿವಾರದ ಊಟಕ್ಕೆ ಕರೆದ. ಮನೆಗಲ್ಲ, ತನ್ನ ಚೋಕೊಗೆ. ಆ ಸೀಮೆಯಲ್ಲಿ ಗಂಡಸರು ಸೇರಿ ಅಡುಗೆ ಮಾಡಿ ಉಣ್ಣುವ ಕೂಟಕ್ಕೆ ಆ ಹೆಸರು. ಹೆಂಗಸರು ಅತಿಥಿಗಳಾಗಿ ಊಟಕ್ಕೆ ಬರಬಹುದು, ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ. ಇದನ್ನು ಕೇಳಿ ನಾನು ದಂಗಾದೆ. ಹೆಂಗಸನ್ನು ಒಲೆಯ ಮುಂದೆ ಕಟ್ಟಿಹಾಕುವ ಲೋಕ ಗೊತ್ತಿತ್ತು. ಒಲೆಯಿಂದ ಗಡೀಪಾರು ಮಾಡುವ ಲೋಕವೂ ಇದೆಯೆಂದು ಗೊತ್ತಿರಲಿಲ್ಲ.

ಇನ್ನೊಂದು ಪದ್ಧತಿಯೂ ಅಲ್ಲಿತ್ತು: ದೂರದಿಂದ ಬಂದ ಅತಿಥಿ ಗಂಡಸು ತನ್ನೂರಿನದೊಂದು ಅಡುಗೆ ಮಾಡಬೇಕು. ಕೋಲ್ಡೊ ಇವರ ಕೊರಳಿಗೆ ಏಪ್ರನ್ ಹಾಕಿದಾಗ ನಾನು ಎದ್ದೇ ನಿಂತೆ.

“ರೀ, ಸುಮ್ನೆ ಬೇಡ ಅನ್ನಿ. ಕೈ ಸುಟ್ಕೋತೀರ,” ಎಂದೆ.

ಇವರು ನನ್ನ ಕಡೆ ನೋಡದೆ, “ಆ ಡಬ್ಬಿ ಕೊಡು ಮಾರಾಯ್ತಿ,” ಎಂದರು.

ಡಬ್ಬಿಯ ವಿಷಯ ಇವರಿಗೆ ಗೊತ್ತಿದ್ದದ್ದೇ ಮೊದಲ ಆಘಾತ. ಎರಡನೆಯದು ಕಿವಿಗೆ ಬಂತು. ಮೇಜಿನ ಮುಂದೆ ಕೂತಿದ್ದ ನನಗೆ ಒಳಗಿನಿಂದ ಕತ್ತಿಯ ಸದ್ದು ಕೇಳಿಸಿತು. ತಡವರಿಸುವ ಸದ್ದಲ್ಲ, ಒಂದೇ ಲಯದ, ನಿಲ್ಲದ ಸದ್ದು. ಒಳಗೆ ಇಣುಕಿ ಬಂದ ಅನಘಾಳ ಕಣ್ಣು ಹಣೆಗೇರಿತ್ತು.

“ಮಾಮ್, ಡ್ಯಾಡ್ ಈಸ್ ಕುಕಿಂಗ್. ಐ ಮೀನ್, ರಿಯಲೀ ಕುಕಿಂಗ್.”

ಹೊಸ್ತಿಲವರೆಗೆ ಹೋಗಿ ನಿಂತೆ. ಕೋಲ್ಡೊ ನೆನೆಹಾಕಿದ್ದ ಕೆಂಪು ಕಾಳಿನಲ್ಲಿ ಅರ್ಧವನ್ನು, ಸಾಸೇಜು ಬೀಳುವ ಮೊದಲೇ, ಇವರು ಬೇರೆ ಹಂಡೆಗೆ ಹಾಕಿಕೊಂಡು ಬೇಯಿಸಿದ್ದರು. ಅದಕ್ಕೆ ಕುಂಬಳಕಾಯಿ ಬಿದ್ದಿತ್ತು. ಗೋಡೆಗೆ ಮಾಲೆ ಕಟ್ಟಿ ತೂಗುಹಾಕಿದ್ದ ಒಣಮೆಣಸು, ನಮ್ಮ ಬ್ಯಾಡಗಿಯಂತೆ ಬಣ್ಣ ಹೆಚ್ಚು ಖಾರ ಕಡಿಮೆ, ಅರೆದು ಬಿದ್ದಿತ್ತು. ಹೆಗಲ ಮೇಲೊಂದು ಬಟ್ಟೆ. ಎರಡೂ ಕೈಯಲ್ಲಿ ಉದ್ದನೆಯ ಸೌಟು. ಉಪ್ಪನ್ನು ಅಳೆಯದೆ ಹಿಡಿಯಲ್ಲಿ ತೆಗೆದು ಬೀಸಿ ಹಾಕಿದರು. ಕೋಲ್ಡೊ ರುಚಿ ನೋಡೆಂದು ಚಮಚ ಚಾಚಿದರೆ ತಲೆಯಾಡಿಸಿ, ಹಂಡೆಯತ್ತ ಕಿವಿ ಬಾಗಿಸಿ ಕುದಿಯುವ ಸದ್ದನ್ನಷ್ಟೇ ಕೇಳಿ ಉರಿ ತಗ್ಗಿಸಿದರು. ನೈವೇದ್ಯಕ್ಕೆ ಮೊದಲು ನಾಲಿಗೆಗೆ ಸೋಕಿಸದ ಅಡುಗೆಭಟ್ಟರು ಹಾಗೆ ಮಾಡುವುದನ್ನು ನಾನು ಮದುವೆಮನೆಗಳಲ್ಲಿ ನೋಡಿದ್ದೆ. ನನ್ನ ಗಂಡ ಹಾಗೆ ಮಾಡುವುದನ್ನು ಈಗ ನೋಡಿದೆ. ಗೊತ್ತಿದ್ದ ಮನುಷ್ಯನ ಚರ್ಮದೊಳಗಿಂದ ಗೊತ್ತಿಲ್ಲದವನೊಬ್ಬ ಎದ್ದು ಬಂದಂತಾಯಿತು.

ಮೂವತ್ತು ಮಂದಿ ಆ ಹುಳಿಯನ್ನು ಉಂಡು, ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಉಂಡೆ. ನನ್ನ ಹುಳಿಗಿಂತ ಚೆನ್ನಾಗಿತ್ತು, ಅದಕ್ಕೇ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತಿದ್ದವಳು ಕೋಲ್ಡೊನ ಹೆಂಡತಿ ಮಿರೆನ್, ಹರೆಯದಲ್ಲಿ ಕ್ಯಾಲಿಫೋರ್ನಿಯಾದ ನೆಂಟರ ಮನೆಯಲ್ಲಿದ್ದು ಇಂಗ್ಲಿಷ್ ಕಲಿತವಳು. ನಿನ್ನ ಗಂಡ ಎಲ್ಲಿ ಕಲಿತ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ನಕ್ಕು, ನನ್ನವನೂ ಶನಿವಾರ ಮೂವತ್ತು ಜನಕ್ಕೆ ಮಾಡಿ ಚಪ್ಪಾಳೆ ಗಿಟ್ಟಿಸುತ್ತಾನೆ, ಭಾನುವಾರ ನಾನು ನಾಲ್ವರಿಗೆ ಮಾಡುತ್ತೇನೆ, ಚಪ್ಪಾಳೆ ನನಗೆ ಕೇಳಿದ ನೆನಪಿಲ್ಲ ಎಂದಳು. ಕಡಲೂರಿನ ಬಗ್ಗೆ ನನಗೆ ಸಿಕ್ಕ ತಿಳಿವಳಿಕೆಗಳಲ್ಲಿ ಅತ್ಯುತ್ತಮವಾದದ್ದು ಅದೇ ಇರಬೇಕು.

ಉಳಿದ ದಿನ ಮಗಳ ಮುಂದೆ ಸಿಟ್ಟನ್ನು ಹೇಗೋ ನುಂಗಿಕೊಂಡೆ. ಜಗಳಕ್ಕೆ ಏಕಾಂತ ಸಿಕ್ಕಿದ್ದು ಲಾಸ್ ಏಂಜಲೀಸಿನಲ್ಲಿ ಇಳಿದ ಮೇಲೆ. ಅನಘಾ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಫೋರ್-ಓ-ಫೈವ್ ಫ್ರೀವೇಯಲ್ಲಿ ಕಾರುಗಳು ನಿಂತಲ್ಲೇ ನಿಂತಿದ್ದವು. ನಿಂತ ಕಾರಿನಲ್ಲಿ ಗಂಡನಿಗೆ ಓಡಿಹೋಗಲು ಜಾಗವಿಲ್ಲ.

“ಎಲ್ಲಿ ಕಲಿತ್ರಿ?”

“ಸೋದರಮಾವ ಮದುವೆ-ಮುಂಜಿ ಊಟದ ಅಡುಗೆಗೆ ಹೋಗ್ತಿದ್ರಲ್ಲ. ರಜೆಯಲ್ಲಿ ನಾನೂ ಹೋಗ್ತಿದ್ದೆ. ಎಂಜಿನಿಯರಿಂಗ್ ಮುಗಿಯುವವರೆಗೂ.”

“ಮತ್ತೆ ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ? ನಾನು ಮೈ ಸುಡ್ತಾ ಇದ್ರೂ ಎದ್ದು ಅನ್ನಕ್ಕಿಟ್ಟಿದ್ದೀನಿ. ಆಗೆಲ್ಲ ಪೇಪರ್ ಓದ್ತಾ ಕೂತಿದ್ರಲ್ಲ.”

ಮುಂದಿನ ಕಾರು ಒಂದಡಿ ಸರಿಯಿತು, ಇವರೂ ಒಂದಡಿ ಸರಿಸಿದರು. “ನಂಗೆ ಇನ್ನೂರು ಎಲೆಗೆ ಮಾಡ್ಲಿಕ್ಕೆ ಗೊತ್ತುಂಟು ಮಾರಾಯ್ತಿ. ಮೂರು ಎಲೆಗೆ ಗೊತ್ತಿಲ್ಲ. ನಿನ್ನ ಆ ಸಣ್ಣ ಪಾತ್ರೆ ಕಂಡ್ರೆ ನಂಗೆ ಹೆದರಿಕೆ ಆಗ್ತದೆ.”

“ಕಲೀರಿ, ಹಾಗಾದ್ರೆ,” ಎಂದೆ.

ಸುದ್ದಿ ಮಗಳ ಬಾಯಿಂದ ಹರಡಿತು. ಆ ವರ್ಷದ ದೀಪಾವಳಿಗೆ ಇವರೇ ಮುಖ್ಯ ಅಡುಗೆಯವರು. ಮೈಕಿನ ವೈರನ್ನು ಬೇರೆ ಯಾರೋ ಬಿಡಿಸಿದರು. ಕೈರುಚಿ ಅಂದರೆ ಇದು, ನೀವು ಪುಣ್ಯವಂತೆ ಎಂದು ಸಂಘದ ಹೆಂಗಸರೆಲ್ಲ ನನ್ನ ಬೆನ್ನು ತಟ್ಟಿದರು. ಮರುದಿನ ಬೆಳಿಗ್ಗೆ ಪುಣ್ಯವಂತೆಯೇ ಎದ್ದು ಮೂವರಿಗೆ ಉಪ್ಪಿಟ್ಟು ಕೆದಕಿದಳು. ದೊಡ್ಡ ಹಂಡೆಗೆ ಜನ ಸೇರುತ್ತಾರೆ, ಹೊಗಳಿಕೆ ಸೇರುತ್ತದೆ. ಸಂಸಾರ ನಡೆಯುವುದು ಯಾರೂ ನೋಡದ ಪುಟ್ಟ ಪಾತ್ರೆಯಲ್ಲಿ. ಇಷ್ಟು ಸರಳವಾದದ್ದನ್ನು ಅರಿಯಲು ನಾನು ಅಟ್ಲಾಂಟಿಕ್ ದಾಟಬೇಕಾಯಿತಲ್ಲ ಎಂದು ಸಿಟ್ಟೂ ಬರುತ್ತಿತ್ತು.

ಕಳೆದ ಫೆಬ್ರವರಿಯಲ್ಲಿ ನನಗೆ ಫ್ಲೂ ಬಂತು. ತಲೆ ಎತ್ತಲಾಗದೆ ಮಲಗಿದ್ದೆ. ಮಗಳು ಶಾಲೆಗೆ ಹೋಗಿದ್ದಳು, ಇವರೂ ಆಫೀಸಿಗೆ ಹೋಗಿರಬೇಕೆಂದುಕೊಂಡಿದ್ದೆ. ಅಡುಗೆಮನೆಯಿಂದ ಸಾಸಿವೆ ಸಿಡಿದ ಸದ್ದು ಬಂದಾಗ ಜ್ವರದ ಭ್ರಮೆಯೆಂದೇ ಎಣಿಸಿದೆ. ಆಮೇಲೆ ಏನೋ ಉಕ್ಕಿ ಒಲೆಯ ಮೇಲೆ ಚುಂಯ್ ಎಂದದ್ದು, “ಅಯ್ಯೋ ಶಿವನೇ” ಎಂದು ಇವರು ಮೆಲ್ಲಗೆ ಗೊಣಗಿದ್ದು, ನಲ್ಲಿ ಬಿಟ್ಟು ತೊಳೆದು ಮೊದಲಿನಿಂದ ಮತ್ತೆ ಶುರುಮಾಡಿದ್ದು, ಎಲ್ಲ ಕೇಳಿಸಿತು. ಕೊನೆಗೆ ಒಂದು ಲೋಟ ತಿಳಿಸಾರು ಹಿಡಿದು ಬಂದು ಮಂಚದ ಅಂಚಿಗೆ ಕೂತರು.

“ಹೇಗುಂಟು?” ಅಭ್ಯಾಸಬಲ, ತಾವು ರುಚಿ ನೋಡಿರಲಿಲ್ಲ.

“ಉಪ್ಪು ಮಾತ್ರ ಇನ್ನೂರು ಎಲೆದು,” ಎಂದೆ.

ಇವರ ಮುಖ ಇಷ್ಟಾಯಿತು. ನಾನು ಪೂರಾ ಕುಡಿದು, ಲೋಟ ಚಾಚಿ, ಇನ್ನೂ ಸ್ವಲ್ಪ ಕೊಡಿ ಎಂದೆ. ಎದ್ದು ಒಳಗೆ ಹೋದವರು ಆ ಪುಟ್ಟ ಪಾತ್ರೆಯನ್ನೇ ಹಿಡಿದುಕೊಂಡು ಬಂದು, ನನ್ನ ಮುಂದೆ ಬಗ್ಗಿಸಿ ತೋರಿಸಿದರು. ತಳದಲ್ಲಿ ಒಂದೆರಡು ಸಾಸಿವೆ ಬಿಟ್ಟರೆ ಏನೂ ಇರಲಿಲ್ಲ.

“ಮುಗೀತು ಮಾರಾಯ್ತಿ,” ಎಂದರು. “ಒಬ್ಳಿಗೇ ಅಂತ ಮಾಡಿದ್ದು.”