ದಣಿಯ ದನಿ ಸಲೀಸಾಗಿ ಬಂತು

ಇಂಟರ್ವಲ್‌ನಲ್ಲಿ ಕ್ಯಾಂಟೀನ್ ಮುಂದೆ ನಾನು ಬಿಳಿಯ ದಣಿಯಾಗಿ ಅಬ್ಬರಿಸುತ್ತಿದ್ದೆ. ಯಲಹಂಕದ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಅಮೆರಿಕದ ಗುಲಾಮರ ಕಥೆಯ ಸಿನಿಮಾ ನಡೆಯುತ್ತಿತ್ತು. ಮೊದಲರ್ಧದಲ್ಲಿ ದಣಿ ಡೈಲಾಗ್ ಹೊಡೆದಾಗಲೆಲ್ಲ ಹಿಂದಿನ ಸಾಲಿನ ನಾವು, ಟಾಕೀಸಿನ ಅಭ್ಯಾಸಬಲದಿಂದ, ಶಿಳ್ಳೆ ಹಾಕಿದ್ದೆವು. ಮಿಮಿಕ್ರಿಯವನಿಗೆ ಇನ್ನೇನು ಬೇಕು? ಚಾಟಿಯ ಬದಲು ಬ್ಯಾಗ್ ಬೀಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಕೀನ್ಯಾದಿಂದ ಓದಲು ಬಂದಿರುವ ಸಹಪಾಠಿ ಸ್ಯಾಮುಯೆಲ್ ಟೀ ಹಿಡಿದು ನೋಡುತ್ತಿದ್ದ. ನಮ್ಮ ಕನ್ನಡದಲ್ಲೇ ನಮ್ಮ ಕಾಲೆಳೆಯುವಷ್ಟು ಪಳಗಿದವನು.

"ಸೂಪರ್ ಮಗಾ. ಈಗ ಆ ಗುಲಾಮಂದು ಮಾಡು."

ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಹೊರಬಂದದ್ದು ಸ್ಯಾಮುಯೆಲ್ ಹಾಸ್ಟೆಲ್‌ನಲ್ಲಿ ಇನ್ನೊಂದು ಚಪಾತಿ ಕೇಳುವ ದನಿ! ದಿನವೂ ನಾನು ಅಣಕಿಸುವುದು ಅದನ್ನೇ.

"ಅದು ನಾನು ಕಣೋ. ಅವನು ಅಮೆರಿಕದೋನು, ನಾನು ನೈರೋಬಿಯೋನು. ಇಷ್ಟೊತ್ತು ಏನ್ ಕೇಳಿಸ್ಕೊಂಡೆ?"

ಅವನು ನಗುತ್ತಿರಲಿಲ್ಲ. ದಣಿಯ ಕೆಮ್ಮು ಕೂಡ ನನಗೆ ಬಾಯಿಪಾಠವಾಗಿತ್ತು. ಗುಲಾಮನ ಒಂದು ಮಾತೂ ನೆನಪಿರಲಿಲ್ಲ.

ಉಳಿದರ್ಧವನ್ನು ಸ್ಯಾಮುಯೆಲ್ ಪಕ್ಕದಲ್ಲಿ ಕೂತು, ಗುಲಾಮ ಬಾಯಿ ತೆರೆದಾಗಲೆಲ್ಲ ಕಣ್ಣು ಮುಚ್ಚಿ ಕೇಳಿದೆ. ಸಿನಿಮಾ ಮುಗಿದ ಮೇಲೆ ಅಂಜುತ್ತಲೇ ಒಂದು ಸಾಲು ಹೇಳಿ ತೋರಿಸಿದೆ.

"ಇನ್ನೂ ಬಂದಿಲ್ಲ ಗುರು. ಆದ್ರೆ ಈ ಸಲ ನಾನಂತೂ ಅಲ್ಲ," ಎಂದು ಹೆಗಲಿಗೆ ಗುದ್ದಿದ.

ಇಷ್ಟು ಜಿಪುಣ ಮೆಚ್ಚುಗೆ ನನಗೆ ಯಾರೂ ಕೊಟ್ಟಿಲ್ಲ. ಅಂದಿನಿಂದ ಯಾರನ್ನಾದರೂ ಅಣಕಿಸುವ ಮೊದಲು ಅವರ ಮಾತು ಪೂರ್ತಿ ಕೇಳುವ ಹುಚ್ಚು ಹತ್ತಿದೆ. ಗೆಳೆಯರಿಗೆ ಇದು ಅಣಕಕ್ಕಿಂತ ದೊಡ್ಡ ಕಾಟವಂತೆ.